ಹನ್ನೊಂದನೇ ಮನೆಯ ಕಸ

"ಅದನ್ನೂ ಬಿಚ್ಚಿ ನೋಡ್ರಿ ಸಾಹೇಬರ! ನಿನ್ನಿ ನಮ್ಮ ಮನ್ಯಾಗ ಬದನಿಕಾಯಿ ಪಲ್ಯ ಮಾಡಿದ್ವಿ, ತೊಟ್ಟು ಎಷ್ಟಾವು ಎಣಿಸಿ ಹೇಳ್ರಿ!"

ಎರಡನೇ ಮಹಡಿಯ ಬಾಲ್ಕನಿಯಿಂದ ಯಾರೋ ಕೂಗಿದರು. ಪಕ್ಕದ ಬಾಲ್ಕನಿಯಲ್ಲಿ ನಗು ಎದ್ದಿತು.

ಕರಿಬಸಪ್ಪ ತಲೆ ಎತ್ತಲಿಲ್ಲ. ಧೋತರವನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಮೂಗಿಗೆ ಟವೆಲು ಸುತ್ತಿಕೊಂಡು, ಕಬ್ಬಿಣದ ಕೊಕ್ಕೆಯಿಂದ ತಿಪ್ಪೆ ಕೆದರುತ್ತ ಕೂತಿದ್ದ. ಭಾನುವಾರ ಮುಂಜಾನೆ ಎಂಟು ಗಂಟೆ. ಬಿಸಿಲು ಆಗಲೇ ಬೆನ್ನು ಸುಡುತ್ತಿತ್ತು.

ಇಪ್ಪತ್ತೆಂಟು ವರ್ಷ ಲಿಂಗಸುಗೂರು ಪುರಸಭೆಯಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿ ಊರ ಕಸದ ಹಿಂದೆ ತಿರುಗಿದವನು ಅವನು. ರಿಟೈರಾದ ದಿನ "ಇನ್ನ ಸಾಯೋತನಕ ಕಸದ ಮಾರಿ ನೋಡಂಗಿಲ್ಲ" ಎಂದು ಹೆಂಡತಿಯ ಮುಂದೆ ಆಣೆ ಮಾಡಿ, ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಆಗಷ್ಟೇ ಎದ್ದಿದ್ದ ಮೂರಂತಸ್ತಿನ ಕಟ್ಟಡದಲ್ಲಿ ಒಂದು ಮನೆ ಕೊಂಡ. ಗೋಡೆಯ ಮೇಲೆ 'ಅಮರೇಶ ನಿಲಯ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರೂ ಊರ ಮಂದಿ ಅದನ್ನು 'ಹದಿನೆಂಟು ಮನಿ' ಎಂದೇ ಕರೆಯುತ್ತಿದ್ದರು. ಮಾಲಕರ ಸಂಘದ ಮೊದಲ ಸಭೆಯಲ್ಲಿ ಯಾರೋ ಒಬ್ಬರು, "ಕಸದ ಅನುಭವ ಇದ್ದೋರು ನಮ್ಮೊಳಗ ಕರಿಬಸಪ್ಪನವರೊಬ್ಬರಽ" ಅಂದರು. ಅಷ್ಟೇ. ಹದಿನೇಳು ಕೈ ಎದ್ದವು. ಅವನು ಸೆಕ್ರೆಟರಿಯಾದ.

ಮೂರು ವರ್ಷದಲ್ಲಿ ಅವನು ಮಾಡಿಸಿದ ಒಂದೇ ಒಂದು ಕೆಲಸವೆಂದರೆ, ಮನೆಗೊಂದು ಬಕೆಟ್ ತರಿಸಿ, ಅದರ ಮೇಲೆ ಮನೆಯ ನಂಬರು ಬರೆಸಿದ್ದು. ಕಸ ಅದರಲ್ಲಿ ಹಾಕಿ, ಮುಂಜಾನೆ ಹಿಂದಿನ ಮೆಟ್ಟಿಲ ಮೇಲೆ ಇಡಬೇಕು ಎಂದು ನೋಟೀಸು ಹಚ್ಚಿಸಿದ. ಈಗ ನಾಲ್ಕನೇ ನಂಬರಿನ ಬಕೆಟ್ಟಿನಲ್ಲಿ ತುಳಸಿ ಬೆಳೆದಿತ್ತು. ಹದಿನಾರನೇ ನಂಬರಿನ ಬಕೆಟ್ಟಿನಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ನೆನೆಯುತ್ತಿದ್ದವು. ಕಸ ಮಾತ್ರ ಮೇಲಿನಿಂದಲೇ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಸಿಕೊಂಡು, ಹಾರಿ ಬಂದು ಬೀಳುತ್ತಿತ್ತು.

ಬೀಳುವ ಜಾಗ ಇದೇ. ಹಿಂದಿನ ಕಾಂಪೌಂಡಿಗೆ ಹೊಂದಿಕೊಂಡ ಈ ತಿಪ್ಪೆ.

ಮಂಗಳವಾರ ಇಲ್ಲಿ ಬಾಯಿ ಹಾಕಿದ ಪಕೀರಮ್ಮನ ಎರಡು ಎಮ್ಮೆಗಳು ಸಂಜೆಯೊಳಗೆ ಸತ್ತಿದ್ದವು. ಗುರುವಾರ ಮುಂಜಾನೆ, ಕಟ್ಟಡದ ಕಸ ಎತ್ತುವ ಆದಮ್ಮ ಇದೇ ತಿಪ್ಪೆಯ ಪಕ್ಕ ಬಾಯಲ್ಲಿ ನೊರೆ ಬಂದು ಬಿದ್ದಳು. ಮೂರು ದಿನವಾದರೂ ಅವಳಿಗೆ ಎಚ್ಚರವಾಗಿರಲಿಲ್ಲ.

"ವಿಷ ಅನ್ನೋದು ಖರೆ," ಎಂದು ಡಾಕ್ಟರು ನಿನ್ನೆ ಹೇಳಿದ್ದರು. "ಆದ್ರ ಯಾವ ವಿಷ? ಒಂದಕ್ಕ ಕೊಡೋ ಮದ್ದು ಇನ್ನೊಂದಕ್ಕ ನಡಿಯಂಗಿಲ್ಲ. ನಾ ಅಂದಾಜಿನ ಮ್ಯಾಲ ಉಳಿಸ್ಕೊಂಡು ಹೊಂಟೀನಿ. ಇವತ್ತು ನಾಳಿ ಅನ್ನೋದ್ರೊಳಗ ಏನರ ಪತ್ತೆ ಹಚ್ರಿ."

ಹದಿನೆಂಟು ಮನೆಯವರು ಮಾತ್ರ ಆಗಲೇ ಪತ್ತೆ ಹಚ್ಚಿ ಮುಗಿಸಿದ್ದರು. ಎಮ್ಮೆಗಳು ಕಸ ಕೆದರುತ್ತವೆಂದು ಆದಮ್ಮನಿಗೂ ಪಕೀರಮ್ಮನಿಗೂ ಜಗಳವಿತ್ತು. ಆದಮ್ಮನೇ ವಿಷ ಇಟ್ಟಳು. ಅದೇ ವಿಷ ಅವಳ ಕೈಗೆ ಹತ್ತಿತು. ಮುಗಿಯಿತು. ಹತ್ತು ಗಂಟೆಗೆ ಸಭೆ ಸೇರಿ, ಹಾಗೆಂದು ಠರಾವು ಮಾಡಿ ಪೊಲೀಸರಿಗೆ ಕೊಡುವುದು. ಬರೆಯಬೇಕಾದವನು ಸೆಕ್ರೆಟರಿ.

"ಬಾಯಾಗ ಮಣ್ಣು ಹಾಕ ಇವರ," ಎಂದು ಗೊಣಗಿ ಕರಿಬಸಪ್ಪ ಕೊಕ್ಕೆ ಎಳೆದ.

"ಯಾರಿಗೆ ಬೈಯಾಕತ್ತೀಯೋ ಯಪ್ಪಾ?" ಕಾಂಪೌಂಡಿನ ಆಚೆಯಿಂದ ಪಕೀರಮ್ಮನ ತಲೆ ಮೂಡಿತು. ಅವಳ ಗುಡಿಸಲು ಅಲ್ಲೇ ಇತ್ತು. "ನನ್ನೂ ಸೇರಿಸಿ ಬೈ. ಹದಿನೆಂಟು ಮನ್ಯಾಗ ಒಂದು ಮನೀದರ ದೀಪ ಉರಿಬಾರದು ಅಂತ ಐದು ದಿನದಿಂದ ಬೈದು ಬೈದು ನನ್ನ ದನಿ ಬಿದ್ದೈತಿ."

"ಪಕೀರಮ್ಮ, ಒಂದು ಹೇಳು. ಆದಮ್ಮ ನಿನ್ನ ಎಮ್ಮಿಗೆ ವಿಷ ಹಾಕ್ತಾಳೇನು?"

ಪಕೀರಮ್ಮ ಉಗುಳಿದಳು. "ಆಕಿ ನಾಲಿಗಿ ಕೆಟ್ಟದ್ದು, ಕೈ ಅಲ್ಲ. ನನಗ ಬೈತಿದ್ಲು, ಆಮ್ಯಾಲ ನಿಮ್ಮ ಮನಿಗಳ ಮುಸುರಿ ಎಲ್ಲಾ ಒಂದು ಬಕೆಟಿಗೆ ಹುಯ್ದು ನನ್ನ ಎಮ್ಮಿಗೇ ತಂದಿಡ್ತಿದ್ಲು. ವಿಷ ಹಾಕಾಕೇನು ಆಕಿ?"

ಅದೇ ಹೊತ್ತಿಗೆ ಕೊಕ್ಕೆಗೆ ಏನೋ ಸಿಕ್ಕಿತು.

ಪ್ಲಾಸ್ಟಿಕ್ ಚೀಲವಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ, ಸುತಳಿಯಿಂದ ಬಿಗಿಯಾಗಿ ಕಟ್ಟಿದ ಗಂಟು. ಒಂದು ಮೂಲೆ ಹರಿದಿತ್ತು, ಎಮ್ಮೆ ಹರಿದದ್ದಿರಬೇಕು. ಒಳಗೆ ನೀರಲ್ಲಿ ನೆನೆದು ಮುದ್ದೆಯಾದ ಚೀಟಿಗಳು, ಡಬ್ಬಿಯ ಮುಚ್ಚಳಗಳು, ಮುಚ್ಚಳದ ಒಳಗೆ ಅಂಟಿದ ಬಿಳಿ ಹಿಟ್ಟು. ಮೂಗಿನ ಟವೆಲು ದಾಟಿಕೊಂಡು ವಾಸನೆ ಬಂತು. ಕರಿಬಸಪ್ಪ ಥಟ್ಟನೆ ಹಿಂದೆ ಸರಿದ.

ಈ ಕಸ ಯಾರದು? ಉಳಿದವರದ್ದೆಲ್ಲ ಅವನಿಗೆ ಗೊತ್ತಿತ್ತು. ಮೊಟ್ಟೆಯ ಸಿಪ್ಪೆಯನ್ನು ನಾಲ್ಕು ಪೇಪರಿನಲ್ಲಿ ಮುಚ್ಚಿ ಎಸೆಯುವ ಲಿಂಗವಂತರ ಮನೆ ಯಾವುದು, ವ್ರತದ ದಿನ ಮಿರ್ಚಿ ಭಜಿ ತಿಂದು ಕಾಗದ ಎಸೆಯುವವರು ಯಾರು, ಎಲ್ಲ. ಇದೊಂದು ಹೊಸ ಗಂಟು.

ಅವನು ಪೇಪರನ್ನು ಕೊಕ್ಕೆಯ ತುದಿಯಿಂದ ಬಿಡಿಸಿದ. ಹಿಂದಿನ ಭಾನುವಾರದ್ದು. ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ನಂಬರು ಕಂಡಿತು. ಪೇಪರು ಹಾಕುವವನು ಮನೆ ತಪ್ಪಬಾರದೆಂದು ಬರೆದುಕೊಳ್ಳುವ ನಂಬರು.

ಹನ್ನೊಂದು.

ಕರಿಬಸಪ್ಪ ಹಾಗೇ ಕೂತುಬಿಟ್ಟ. ಹನ್ನೊಂದನೇ ಮನೆಯಲ್ಲಿ ಯಾರೂ ಇರಲಿಲ್ಲ. ಮಸ್ಕಿಯ ಬಟ್ಟೆ ವ್ಯಾಪಾರಿ ಅಮರಗುಂಡಪ್ಪ ಅದನ್ನು ಕೊಂಡು, ಹಾಲುಕ್ಕಿಸಿ, ಕೀಲಿ ಹಾಕಿ ಹೋದವನು ಎರಡು ವರ್ಷದಿಂದ ಇತ್ತ ಬಂದಿರಲಿಲ್ಲ.

* * *

"ಖಾದರಬಾಷಾನ್ನ ಯಾಕ ಕರಿಯಾಕತ್ತೀರಿ? ಅವನಽ ಎಣ್ಣಿ ಮಾರೋನು!"

ಬಾಲ್ಕನಿ ಈ ಸಲ ನಗಲಿಲ್ಲ. ಎರಡನೇ ನಂಬರಿನ ಖಾದರಬಾಷಾನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿಯಿತ್ತು. ಬೆಳೆಗೆ ಹೊಡೆಯುವ ಎಣ್ಣೆಯನ್ನೂ ಮಾರುತ್ತಿದ್ದ. ಗುರುವಾರದಿಂದ ಕಟ್ಟಡದ ಅರ್ಧ ಮಂದಿ ಅವನೊಂದಿಗೆ ಮಾತು ಬಿಟ್ಟಿದ್ದರು.

"ಎಣ್ಣಿ ಮಾರೋನಿಗಽ ಎಣ್ಣಿ ಗುರುತು ಹತ್ತೋದು," ಕರಿಬಸಪ್ಪ ಮೇಲಕ್ಕೆ ನೋಡಿ ಗದರಿದ. "ನಿಮಗ ಗೊತ್ತಿದ್ರ ನೀವು ಬರ್ರಿ. ಬಂದು ಮೂಸ್ರಿ."

ಯಾರೂ ಬರಲಿಲ್ಲ.

ಖಾದರಬಾಷಾ ಬಗ್ಗಿ ಮುಚ್ಚಳ ನೋಡಿದ. ಚೀಟಿಯ ಮುದ್ದೆಯನ್ನು ಕಡ್ಡಿಯಿಂದ ಬಿಡಿಸಿದ. ಅವನ ಮುಖ ಗಟ್ಟಿಯಾಯಿತು.

"ಹಳೇ ಮಾಲ್ ಇದು ಸಾಬ್. ತಾರೀಖು ಮುಗದದ್ದು. ಹಳೇ ಚೀಟಿ ನೀರಾಗ ನೆನಸಿ ಕಿತ್ತು, ಹೊಸಾ ಚೀಟಿ ಹಚ್ಚಿ ಮಾರಾಕತ್ತಾರ. ಹೋದ ತಿಂಗಳ ತುರ್ವಿಹಾಳದ ಮಂದಿ ಬಂದು, ಎಣ್ಣಿ ಹೊಡದ್ರೂ ಭತ್ತದಾಗ ಹುಳ ಸಾಯವಲ್ದು ಅಂತ ನನ್ನ ಜೋಡಿ ಜಗಳ ತಗದ್ರು. ನಾ ಮಾರಿದ ಡಬ್ಬಿನಽ ಅಲ್ಲ ಅದು. ಎಲ್ಲಿಂದ ಬರ್ತೈತಿ ಅಂತ ಹುಡುಕಿ ಸೋತಿದ್ದೆ." ಅವನು ತಲೆ ಎತ್ತಿ ಕಟ್ಟಡ ನೋಡಿದ. "ನಮ್ಮ ಮನಿ ಮ್ಯಾಲಿಂದಽ ಬರಾಕತ್ತಿತ್ತಲ್ಲೋ ಅಲ್ಲಾ!"

"ಹುಳ ಸಾಯದ ಎಣ್ಣಿಗೆ ಎಮ್ಮಿ ಸಾಯ್ತಾವೇನು?"

"ಹಸೀ ಚೀಟಿ, ಹಿಟ್ಟು, ಎಲ್ಲಾ ಒಂದ ಸಲಕ್ಕ ತಿಂದ್ರ ಆನೀನೂ ಸಾಯ್ತೈತಿ."

"ಹಂಗಾದ್ರ ಒಂದು ಕೆಲಸ ಮಾಡು. ಈ ಮುಚ್ಚಳ ಎರಡು ಸೀಸೆದಾಗ ಹಾಕ್ಕೊಂಡು ದವಾಖಾನಿಗೆ ಹೋಗು. ಡಾಕ್ಟರಿಗೆ ತೋರ್ಸು. ಇದಽ ವಿಷ ಆಗಿದ್ರ ಆದಮ್ಮಗ ಮದ್ದು ಸಿಕ್ಕಂಗಽ."

ಖಾದರಬಾಷಾನ ಲೂನಾ ಗಾಡಿ ಗೇಟು ದಾಟಿ ಹೋಯಿತು. ಮೇಲಿನಿಂದ ಯಾರೋ, "ಸಾಕ್ಷಿನ ಅವನ ಕೈಯಾಗ ಕೊಟ್ಟು ಕಳಿಸಿದ್ರಲ್ಲ, ಬಲೇ ಶಾಣ್ಯಾರು!" ಅಂದರು.

ಕರಿಬಸಪ್ಪ ಕೊಕ್ಕೆಯನ್ನು ನೆಲಕ್ಕೆ ಕುಕ್ಕಿದ. ಇವರಿಗಿಂತ ಲಿಂಗಸುಗೂರಿನ ಬೀದಿ ಹಂದಿಗಳು ಮೇಲು. ಅವು ಕಸ ತಿನ್ನುತ್ತಿದ್ದವು; ಮಾತಾಡುತ್ತಿರಲಿಲ್ಲ.

* * *

ಹತ್ತು ಗಂಟೆಯ ಸಭೆ ಹತ್ತೂಮುಕ್ಕಾಲಿಗೆ ಸೇರಿತು. ಟಿವಿಯ ಧಾರಾವಾಹಿ ಮುಗಿಯುವವರೆಗೆ ಯಾರೂ ಕೆಳಗೆ ಇಳಿಯುವವರಲ್ಲ. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕಬ್ಬಿಣದ ಮಡಚುವ ಕುರ್ಚಿಗಳು. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷ ದೊಡ್ಡಬಸಪ್ಪ. ಭತ್ತದ ದಲಾಲಿ ಅವನದು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಚಪ್ಪಲಿ.

"ಸೆಕ್ರೆಟರಿ ಸಾಹೇಬರ, ಠರಾವು ಬರೀರಿ. ಆದಮ್ಮ ಅನ್ನೋಳು ಎಮ್ಮಿಗಳಿಗೆ ವಿಷ ಇಟ್ಟಾಳ ಅಂತ ಸಂಘಕ್ಕ ಖಾತ್ರಿ ಆಗೈತಿ..."

"ಬರೀತೀನ್ರಿ. ಅದಕ್ಕಿಂತ ಮೊದಲ ಒಂದು ಮಾತು. ಹನ್ನೊಂದನೇ ಮನ್ಯಾಗ ಯಾರದಾರ?"

"ಯಾರದಾರ? ಯಾರೂ ಇಲ್ಲ. ಕೀಲಿ ಹಾಕೈತಿ."

"ಹಂಗಾದ್ರ ದಿನಾ ಪೇಪರ್ ಓದೋರು ಯಾರು? ಕೀಲಿನಾ?"

ಯಾರೋ ಕಿಸಕ್ಕೆಂದರು. ದೊಡ್ಡಬಸಪ್ಪ ನಗಲಿಲ್ಲ. ಕರಿಬಸಪ್ಪ ಪೇಪರಿನ ಹಾಳೆಯನ್ನು ಠರಾವು ಪುಸ್ತಕದ ಮೇಲೆ ಹರಡಿದ. ಮೂಲೆಯ ಪೆನ್ಸಿಲ್ ನಂಬರಿನ ಮೇಲೆ ಬೆರಳಿಟ್ಟ.

"ಅದಾ?" ದೊಡ್ಡಬಸಪ್ಪ ಕಾಲ ಮೇಲೆ ಕಾಲು ಹಾಕಿದ. "ಅದು ನಾನಽ ತರಿಸ್ತೀನಿ. ನನಗ ಎರಡು ಪೇಪರ್ ಓದೋ ಚಟ."

"ಬರೋಬ್ಬರಿ. ನಿಮ್ಮ ಮನಿ ನಂಬರು ಮೂರು. ಓದೋ ಚಟ ಮೂರನೇ ಮನ್ಯಾಗ, ಪೇಪರ್ ಹನ್ನೊಂದನೇ ಮನಿಗೆ. ಹಂಗಾದ್ರ ಇದರಾಗ ಕಟ್ಟಿದ ಈ ಚೀಟಿ, ಈ ಮುಚ್ಚಳ, ಇವೂ ನಿಮ್ಮ ಚಟನಽ ಏನ್ರಿ?"

"ಏಯ್, ಮಾತು ಸರಿಯಿರಲಿ!"

"ನನ್ನ ಮಾತು ಸರಿ ಐತ್ರಿ. ಕೀಲಿಕೈ ಕೊಡ್ರಿ. ಅಮರಗುಂಡಪ್ಪನವರು ಹೋಗುವಾಗ ನಿಮ್ಮ ಕೈಯಾಗ ಕೊಟ್ಟು ಹೋಗ್ಯಾರ."

"ಮಂದೀ ಮನಿ ಅದು. ಅವರನ್ನ ಕೇಳದ ಹೆಂಗ ತಗೀಲಿ?"

ಕುರ್ಚಿಗಳಲ್ಲಿ ಗುಸುಗುಸು ಶುರುವಾಯಿತು. ಅಧ್ಯಕ್ಷರು ಹೇಳುವುದೂ ಸರಿ ಎಂದು ಇಬ್ಬರು. ಆದಮ್ಮನ ಸಲುವಾಗಿ ಇಷ್ಟೆಲ್ಲ ಯಾಕೆ ಎಂದು ಮೂವರು. ಕರಿಬಸಪ್ಪನ ಹಣೆಯ ನರ ಉಬ್ಬಿತು. ಒಂದು ಜೀವ ದವಾಖಾನೆಯಲ್ಲಿ ಒದ್ದಾಡುತ್ತಿದೆ. ಇವರಿಗೆ ಕೀಲಿಕೈಯ ಮರ್ಯಾದೆ.

ಆಗ ಕಸ್ತೂರೆಮ್ಮ ಎದ್ದು ನಿಂತರು. ಹನ್ನೊಂದನೇ ಮನೆಯ ಕೆಳಗಿನ ಐದನೇ ಮನೆಯವರು. ಕನ್ಯಾಶಾಲೆಯ ಟೀಚರು, ಸಭೆಯಲ್ಲಿ ಬಾಯಿ ಬಿಟ್ಟವರೇ ಅಲ್ಲ.

"ಒಂದು ಮಾತು ಹೇಳ್ತೀನ್ರಿ. ರಜಾ ದಿನ ಮಧ್ಯಾಹ್ನ ನಾ ಮನ್ಯಾಗಽ ಇರ್ತೀನಿ. ಮ್ಯಾಲಿನ ಮನ್ಯಾಗ ನಳ ಬಿಟ್ಟ ಸಪ್ಪಳ ಕೇಳ್ತೈತಿ. ಒಂದೊಂದು ತಾಸು ಬಿಡ್ತಾರ. ಖಾಲಿ ಮನ್ಯಾಗ ನೀರು ಯಾಕ ಬಿಡ್ತಾರ ಅಂತ ನಾನೂ ಕೇಳಬೇಕಂತಿದ್ದೆ."

ಕುರ್ಚಿಗಳೆಲ್ಲ ಒಮ್ಮೆಗೇ ಕರಕರ ಎಂದವು.

"ಅಂದ್ರ ನಮ್ಮ ಟಾಕಿ ನೀರು ಖಾಲಿ ಆಗೋದು ಅದಕಽ ಏನು?"

"ನನ್ನ ಮಗಳ ಮೈ ತೊಳಿಯಾಕ ನೀರಿಲ್ಲದ ನಾ ಬೋರಿಗೆ ಹೋಗೀನಿ!"

"ತಗೀರಿ ಕೀಲಿ! ಈಗಿಂದೀಗಽ ತಗೀರಿ!"

ಎಮ್ಮೆ ಸತ್ತಾಗ ಏಳದ, ಆದಮ್ಮ ಬಿದ್ದಾಗ ಏಳದ ಹದಿನೆಂಟು ಮನೆ ಟಾಕಿಯ ನೀರಿಗೆ ಎದ್ದು ನಿಂತಿತು. ಕರಿಬಸಪ್ಪನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಏನಾದರಾಗಲಿ, ದೊಡ್ಡಬಸಪ್ಪನ ಕೈ ತಾನಾಗಿಯೇ ಜೇಬಿಗೆ ಹೋಯಿತು.

* * *

ಬಾಗಿಲು ತೆರೆದೊಡನೆ ಮುಂದಿದ್ದವರು ಸೆರಗು, ಕರ್ಚೀಫು ಮೂಗಿಗೆ ಒತ್ತಿದರು.

ಪಡಸಾಲೆಯಲ್ಲಿ ನೀರು ತುಂಬಿದ ಎರಡು ತಗಡಿನ ತೊಟ್ಟಿ. ಅಡ್ಡ ಕಟ್ಟಿದ ಹಗ್ಗದ ಮೇಲೆ ಒಣಗಲು ಹಾಕಿದ ಹೊಸ ಚೀಟಿಗಳು. ದೇವರ ಕೋಣೆಯಲ್ಲಿ ಗೋಡೆಗೆ ಹಚ್ಚಿ ಪೇರಿಸಿಟ್ಟ ಡಬ್ಬಿಗಳು, ಕೆಲವು ಬೋಳು, ಕೆಲವಕ್ಕೆ ಹೊಸ ಅಂಗಿ. ಮೂಲೆಯಲ್ಲಿ ಪೇಪರಿನ ದೊಡ್ಡ ರಾಶಿ, ಸುತಳಿಯ ಉಂಡೆ.

ದೊಡ್ಡಬಸಪ್ಪನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.

"ನಾ ಮಾಡಿದ್ದಲ್ಲ ಇದು. ಗೋಡೌನ್ ಬೇಕಂದ್ರು, ಕೀಲಿಕೈ ಕೊಟ್ಟೆ. ಯಾರೂ ಅನುಮಾನ ಪಡಬಾರದು, ಮನಿ ತುಂಬಿದಂಗ ಕಾಣ್ಲಿ ಅಂತ ಪೇಪರೂ ಹಚ್ಚಿಸಿದೆ. ಅಷ್ಟಽ."

"ಯಾರಿಗೆ ಕೊಟ್ರಿ?"

ದೊಡ್ಡಬಸಪ್ಪ ಅಂಗಿಯ ಗುಂಡಿ ತಿರುವಿದ.

"ಯಾರಿಗೆ ಕೊಟ್ರಿ, ದೊಡ್ಡಬಸಪ್ಪ?"

"ಹೆಸರು ಹೇಳಿದ್ರ ನಾ ಉಳಿಯಂಗಿಲ್ಲ." ಅವನು ಬಾಗಿಲ ಕಡೆ, ಅಲ್ಲಿ ನಿಂತವರ ಮುಖಗಳ ಕಡೆ, ಸರಕ್ಕನೆ ಕಣ್ಣಾಡಿಸಿ ದನಿ ತಗ್ಗಿಸಿದ. "ಇಷ್ಟು ಹೇಳ್ತೀನಿ. ಹೊರಗಿನವರಿಗೆ ಕೊಟ್ಟಿಲ್ಲ."

ಕರಿಬಸಪ್ಪನೂ ತಿರುಗಿ ನೋಡಿದ. ಹತ್ತು ಹನ್ನೆರಡು ಮಂದಿ ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. ದಿನಾ ಮೆಟ್ಟಿಲ ಮೇಲೆ ಎದುರಾಗುವ ಅವೇ ಮುಖಗಳು. ಅವರಲ್ಲೊಬ್ಬರು.

"ಎಮ್ಮಿಗಳ ಪಾಪ ನನ್ನ ಮ್ಯಾಲ ಇರಲಿ," ದೊಡ್ಡಬಸಪ್ಪ ಹೇಳುತ್ತಲೇ ಇದ್ದ. "ಆ ಗಂಟು ಎಸೀಬ್ಯಾಡ್ರಿ ಅಂತ ಹೇಳಿದ್ದೆ, ಕೇಳಲಿಲ್ಲ. ಮಂಗಳವಾರ ಎಮ್ಮಿ ಸತ್ತ ಮ್ಯಾಲ ಕೆಲಸ ನಿಲ್ಲಿಸ್ಯಾರ. ಗುರುವಾರ ಇಲ್ಲಿಂದ ಒಂದು ಚೂರು ಕಸ ತೆಳಗ ಹೋಗಿಲ್ಲ. ಆದಮ್ಮಗ ಏನಾಗೈತೋ ನನಗ ಖರೇನ ಗೊತ್ತಿಲ್ಲ. ನಾ ಬುಧವಾರ ಪಾಮನಕಲ್ಲೂರಿಗೆ ಹೋದವ ಗುರುವಾರ ಸಂಜಿಗೆ ಬಂದೀನಿ. ಬೇಕಾದ್ರ ಅಲ್ಲಿ ಕೇಳ್ರಿ."

ಸುಳ್ಳು ಎನಿಸಲಿಲ್ಲ. ಅದೇ ಕರಿಬಸಪ್ಪನನ್ನು ಕಾಡಿತು. ಆದಮ್ಮ ಎಂದೂ ಬರಿಗೈಯಲ್ಲಿ ಕಸ ಮುಟ್ಟಿದವಳಲ್ಲ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ತಗಡು. ಅವಳಿಗೆ ವಿಷ ಹತ್ತಿದ್ದು ಹೇಗೆ?

ಕೆಳಗೆ ಲೂನಾ ನಿಂತ ಸದ್ದಾಯಿತು. ಖಾದರಬಾಷಾ ಎರಡೆರಡು ಮೆಟ್ಟಿಲು ಹಾರುತ್ತ ಬಂದ. ಹಿಂದೆಯೇ, ಯಾರು ಹೇಳಿದರೋ, ಪಕೀರಮ್ಮ. ಅವಳು ತೊಟ್ಟಿ ನೋಡಿದಳು, ಡಬ್ಬಿ ನೋಡಿದಳು, ದೊಡ್ಡಬಸಪ್ಪನ ಅಂಗಿಯ ಎದೆಭಾಗವನ್ನು ಮುಷ್ಟಿಯಲ್ಲಿ ಹಿಡಿದಳು.

"ನಡೀಯೋ ತೆಳಗ. ನನ್ನ ಎಮ್ಮಿ ಸತ್ತ ಜಾಗದಾಗ ನಿಂತು ಹೇಳು ನಡಿ."

ಅವಳ ಬಿದ್ದ ದನಿ ಮತ್ತೆ ಎದ್ದಿತ್ತು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಅರ್ಧ ಮಂದಿ ಆ ತಮಾಷೆಯ ಹಿಂದೆ ಇಳಿದರು, ಉಳಿದವರು ವಾಸನೆ ತಾಳದೆ ತಮ್ಮ ತಮ್ಮ ಮನೆ ಸೇರಿದರು. ಖಾದರಬಾಷಾ ಕರಿಬಸಪ್ಪನನ್ನು ಗೋಡೆಯ ಕಡೆಗೆ ಎಳೆದ.

"ಈ ಎಣ್ಣಿ ಅಲ್ಲ ಸಾಬ್. ಡಾಕ್ಟರು ನೋಡಿದ್ರು. ಇದರ ಲಕ್ಷಣ ಬ್ಯಾರೆ, ಆದಮ್ಮನ ಲಕ್ಷಣ ಬ್ಯಾರೆ. ಇನ್ನೊಂದು ಐತಿ. ಆಕಿ ಕೈಮ್ಯಾಲ, ಚರ್ಮದ ಮ್ಯಾಲ ಏನೂ ಇಲ್ಲ. ವಿಷ ಬಾಯಿಂದ ಹೋಗೈತಿ."

"ಬಾಯಿಂದ?"

"ಗುರುವಾರ ಹೊಟ್ಟಿ ತೊಳದಾಗ ಬರೇ ಚಾ ಬಂತಂತ. ಆಕಿ ಮುಂಜಾನಿ ಬ್ಯಾರೆ ಏನೂ ತಿಂದಿಲ್ಲ. ಎಲ್ಲಿ ಕುಡದ್ಲು, ಆ ಗಲಾಸಿನ ತಳದಾಗ ಒಂದು ಹನಿ ಇದ್ರೂ ತರ್ರಿ, ನೋಡಿ ಹೇಳ್ತೀನಿ ಅಂದಾರ. ಜಲ್ದಿ ಅಂದಾರ. ಉಸುರು ಸಣ್ಣ ಆಗಾಕತ್ತೈತಿ." ಖಾದರಬಾಷಾ ಬೆವರು ಒರೆಸಿಕೊಂಡ. "ನಮ್ಮ ಹದಿನೆಂಟು ಮನ್ಯಾಗ ಆಕಿಗೆ ಚಾ ಕೊಡೋರು ಯಾರದಾರ್ರೀ?"

ಕರಿಬಸಪ್ಪನ ಕಣ್ಣು ಹಿಂದಿನ ಮೆಟ್ಟಿಲ ಕಡೆ ಹೋಯಿತು.

ಹದಿನೆಂಟು ಮನೆಯಲ್ಲಿ ಆದಮ್ಮನಿಗೆ ಚಹಾ ಕೊಡುವ ಮನೆ ಒಂದೇ ಇತ್ತು. ಒಂಬತ್ತನೇ ನಂಬರು. ಅವನದೇ.

"ಲೂನಾ ಚಾಲೂ ಮಾಡಿ ಇಟ್ಕೊ," ಎಂದಷ್ಟೇ ಹೇಳಿ ಅವನು ಹಿಂದಿನ ಮೆಟ್ಟಿಲ ಕಡೆ ಹೊರಟ.

* * *

ಅವನ ಮನೆಯ ಹಿತ್ತಿಲ ಬಾಗಿಲ ಹೊರಗೆ, ಮೆಟ್ಟಿಲಿಗೆ ಹೊಂದಿಕೊಂಡ ಗೋಡೆಯಲ್ಲಿ ಒಂದು ಗೂಡಿತ್ತು. ಆ ಗೂಡಿನಲ್ಲಿ ಗೆರೆಗೆರೆಯ ಒಂದು ಗಾಜಿನ ಗಲಾಸು ಇರುತ್ತಿತ್ತು. ಮನೆಯೊಳಗಿನ ಲೋಟಗಳೆಲ್ಲ ಸ್ಟೀಲಿನವು. ಇದೊಂದು ಗಾಜಿನದು, ಇದೊಂದು ಹೊರಗೆ. ಅಂಬಮ್ಮ ಮುಂಜಾನೆ ಬಾಗಿಲು ತೆರೆದು, ಎತ್ತರದಿಂದ ಅದಕ್ಕೆ ಚಹಾ ಹುಯ್ಯುವಳು. ಆದಮ್ಮ ಬಂದು, ಮೆಟ್ಟಿಲ ಮೇಲೆ ಕೂತು ಕುಡಿದು, ನಳದಲ್ಲಿ ತೊಳೆದು, ಮಗುಚಿ ಇಟ್ಟು ಹೋಗುವಳು. ಮೂರು ವರ್ಷ ಅವನು ಅದನ್ನು ನೋಡಿದ್ದ. ಕಸ ಎತ್ತುವವಳಿಗೆ ಕಟ್ಟಡದಲ್ಲಿ ತಾವೊಬ್ಬರಾದರೂ ಚಹಾ ಕೊಡುತ್ತೇವಲ್ಲ ಎಂದು ಒಳಗೊಳಗೇ ಹೆಮ್ಮೆ ಪಟ್ಟಿದ್ದ. ಗಲಾಸು ಯಾಕೆ ಹೊರಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆ ಗಲಾಸಿಗೆ ಆದಮ್ಮನ ಹೊರತು ಯಾರೂ ಬಾಯಿ ಹಚ್ಚುವುದಿಲ್ಲ. ಹಿಂದಿನ ಮೆಟ್ಟಿಲು ಇಳಿಯುವ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು. ಅವಳನ್ನೇ ಕೊಲ್ಲಬೇಕೆಂದವನಿಗೆ ಇದಕ್ಕಿಂತ ಸಲೀಸು ಏನು?

ಈಗ ಗೂಡು ಖಾಲಿಯಿತ್ತು. ತಳದ ಗುಂಡನೆಯ ಕಲೆ ಮಾತ್ರ.

ಅವನು ಒಳಗೆ ಬಂದು ಬಾಗಿಲು ಮುಚ್ಚಿದ. ಅಂಬಮ್ಮ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು.

"ಆದಮ್ಮ ಚಾ ಕುಡಿಯೋ ಗಲಾಸು ಎಲ್ಲೈತಿ?"

ಅವಳ ಕೈ ನಿಂತಿತು.

"ಕೇಳಿಸಲಿಲ್ಲೇನು? ಗಲಾಸು ಎಲ್ಲಿ?"

ಅಂಬಮ್ಮ ಎದ್ದಳು. ಹಿಟ್ಟಿನ ಕೈಯಲ್ಲೇ ಒಳಕೋಣೆಗೆ ಹೋಗಿ ಟ್ರಂಕು ತೆರೆದಳು. ಸೀರೆಗಳ ತಳದಿಂದ ಹಳೆಯ ಕುಪ್ಪಸದಲ್ಲಿ ಸುತ್ತಿದ ಗಂಟು ತೆಗೆದು ಅವನ ಮುಂದೆ ನೆಲದ ಮೇಲೆ ಇಟ್ಟಳು. ಕರಿಬಸಪ್ಪ ಬಿಚ್ಚಿದ. ಗಲಾಸಿನ ತಳದಲ್ಲಿ ಚಹಾದ ಗಸಿ ಕಪ್ಪಗೆ ಒಣಗಿತ್ತು. ಮೂರು ದಿನದ ಮೇಲೂ ಘಾಟು ಮೂಗಿಗೆ ಹೊಡೆಯಿತು.

"ಇದನ್ನ... ಇದನ್ನ ಮುಚ್ಚಿಟ್ಕೊಂಡು ಕುಂತೀಯಾ? ಡಾಕ್ಟರು ವಿಷ ಯಾವುದು ಅಂತ ತೆಲಿ ಚಚ್ಕೊಳ್ಳಾಕತ್ತಾರ, ನಾ ಮುಂಜಾನಿಂದ ತಿಪ್ಪಿ ಕೆದರಾಕತ್ತೀನಿ, ನೀ ಟ್ರಂಕಿನಾಗ..."

"ಎಲ್ಲಿ ಎಸೀಲಿ?" ಅಂಬಮ್ಮ ಥಟ್ಟನೆ ಕೇಳಿದಳು. "ಕಸದಾಗ ಹಾಕಿದ್ರ ನೀವಽ ಬಿಚ್ಚಿ ನೋಡ್ತೀರಿ."

ಅವನು ಗಲಾಸನ್ನು ಮತ್ತೆ ಮೂಸಿದ.

"ಚಾ ಹಾಕುವಾಗ ನಿನಗ ವಾಸನಿ ಬರಲಿಲ್ಲೇನು?"

"ನಾ ಹಾಕಿಲ್ರೀ."

"ಏನು?"

"ಗುರುವಾರ ಜಳಕ ಮುಗಿಸಿ ಬರೋದು ತಡ ಆತು. ಚರಿಗ್ಯಾಗ ಚಾ ಹಿಡ್ಕೊಂಡು ಬಾಗಿಲು ತಗದೆ. ಗಲಾಸು ಆಗಲೇ ತುಂಬಿತ್ತು. ಉಗಿ ಆಡಾಕತ್ತಿತ್ತು." ಅವಳು ಹಿತ್ತಿಲ ಬಾಗಿಲ ಕಡೆ ಕೈ ತೋರಿಸಿದಳು. "ನೀವು ಹಾಕೀರಿ ಅಂತ ತಿಳ್ಕೊಂಡು ಹೊಳ್ಳಿ ಒಳಗ ಬಂದೆ."

"ನಾನಾ?"

"ಬುಧವಾರ ಆಕಿ ಜೋಡಿ ಮೆಟ್ಟಿಲ ಮ್ಯಾಲ ಜಗಳ ಮಾಡಿದ್ರಿ. ಹನ್ನೊಂದನೇ ಮನಿ ಹತ್ರ ಯಾಕ ತಿರಗ್ತಿ, ಅಲ್ಲೇನೈತಿ ನಿನಗ ಕೆಲಸ ಅಂತ ಕೂಗಾಡಿದ್ರಿ. ನಿನ್ನ ಕಾಟ ಒಮ್ಮೆ ತೀರಿದ್ರ ಸಾಕು ಅಂದ್ರಿ. ನಾ ಕೇಳೀನಿ. ಮರುದಿನ ಮುಂಜಾನಿ ನೋಡಿದ್ರ ಆಕಿ ಬಿದ್ದಾಳ. ತೊಳೀದಽ ಬಿಟ್ಟು ಹೋದ ಗಲಾಸು ಮೂಸಿದೆ. ಎದಿ ಒಡದಂಗಾತು." ಅಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಮೂರು ದಿನದಿಂದ ಬಾಯಿ ಮುಚ್ಕೊಂಡು ಕುಂತೀನಿ. ಒಂದು ತುತ್ತು ಇಳಿದಿಲ್ಲ. ಖರೆ ಹೇಳ್ರಿ. ನೀವಽ ಏನು?"

ಕರಿಬಸಪ್ಪ ಹೆಂಡತಿಯನ್ನೇ ನೋಡುತ್ತ ನಿಂತ. ಮುಂಜಾನೆಯಿಂದ ಅವನೊಳಗೆ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಇಂಗಿತೋ. ಮೂವತ್ತಾರು ವರ್ಷ ಒಂದೇ ಒಲೆಯ ಅನ್ನ ಉಂಡವಳು ತನ್ನನ್ನು ಕೊಲೆಗಡುಕನೆಂದು ನಂಬಿ, ನಂಬಿಯೂ ಕಾಯ್ದುಕೊಂಡು ಕೂತಿದ್ದಳು.

"ಅಲ್ಲ," ಎಂದ. "ನಾ ಅವತ್ತು ಟಾಕಿ ನೋಡಾಕ ಮಾಳಿಗಿ ಮ್ಯಾಲ ಹೋಗಿದ್ದೆ. ಆಕಿ ಹನ್ನೊಂದನೇ ಮನ್ಯಾಗ ಏನೋ ಕಂಡಿದ್ಲು, ಬುಧವಾರ ನಾ ಕೂಗಾಡಿದ್ದು ಅಲ್ಲಿ ಡಬ್ಬಿ ಇಟ್ಟವನ ಕಿವಿಗೂ ಬಿದ್ದೈತಿ."

ಅವಳ ಕಣ್ಣು ಅವನ ಮುಖವನ್ನು ತಡಕಾಡಿತು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ತಿಳಿದುಕೊಳ್ಳುತ್ತ ನಿಲ್ಲಲು ಹೊತ್ತಿರಲಿಲ್ಲ. ಅವನು ಗಲಾಸನ್ನು ಮತ್ತೆ ಕುಪ್ಪಸದಲ್ಲಿ ಸುತ್ತಿದ.

"ಎಲ್ಲಿಗೆ ಒಯ್ಯಾಕತ್ತೀರಿ?"

"ದವಾಖಾನಿಗೆ."

"ಯಾರ ಮನೀದು ಅಂತ ಕೇಳಿದ್ರ? ಪೊಲೀಸರಿಗೆ ಗೊತ್ತಾದ್ರ?"

"ನಮ್ಮನೀದು ಅಂತೀನಿ. ನಮ್ಮದಽ ಐತಲ್ಲ." ಗಂಟನ್ನು ಎದೆಗೆ ಒತ್ತಿಕೊಂಡು ಅವನು ಹಿತ್ತಿಲ ಬಾಗಿಲ ಚಿಲಕ ತೆಗೆದ. ಅಂಬಮ್ಮ ತಡೆಯಲು ಹಿಂದೆಯೇ ಓಡಿಬಂದಳು.

ಕೆಳಗೆ ತಿಪ್ಪೆಯ ಹತ್ತಿರ ಪಕೀರಮ್ಮ ಇನ್ನೂ ದೊಡ್ಡಬಸಪ್ಪನ ಅಂಗಿ ಬಿಟ್ಟಿರಲಿಲ್ಲ. ಅವಳ ಬೈಗುಳ, ಅವನ ಗೋಗರೆತ ಎರಡೂ ಕೇಳುತ್ತಿದ್ದವು. ಲೂನಾ ಗುರುಗುಟ್ಟುತ್ತಿತ್ತು. ಕರಿಬಸಪ್ಪ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟವನು ಅಲ್ಲೇ ನಿಂತ.

ಗೂಡು ಖಾಲಿಯಿರಲಿಲ್ಲ.

ಅಲ್ಲೊಂದು ಗಲಾಸಿತ್ತು. ಸ್ಟೀಲಿನದು, ಹೊಸದು. ತುಂಬ ಚಹಾ. ಅದರ ಮೇಲೆ ಉಗಿ ತೆಳ್ಳಗೆ ಸುರುಳಿ ಬಿಚ್ಚುತ್ತಿತ್ತು.

ಅಂಬಮ್ಮ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅವಳು ಚಹಾ ನೋಡಿದಳು, ಗಂಡನ ಮುಖ ನೋಡಿದಳು. ಮೂರು ದಿನ ಆ ಕಣ್ಣಲ್ಲಿ ಕೂತಿದ್ದ ಅನುಮಾನ ಈಗ ಇರಲಿಲ್ಲ. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ದೊಡ್ಡ ಹೆದರಿಕೆ.

"ಇದು ಆದಮ್ಮಗಲ್ಲ," ಅವಳು ಪಿಸುಗುಟ್ಟಿದಳು. "ಇದು ನಿಮಗ."

ಮೇಲಿನ ಮಹಡಿಯಲ್ಲಿ ಯಾವುದೋ ಬಾಗಿಲ ಚಿಲಕ ಮೆಲ್ಲಗೆ ಬಿತ್ತು.